ಕ್ಷಮೋದಕ

ಚಂದ್ರಾವತೀ ನದಿಯ ತಿರುವಿನಲ್ಲಿ ಮೂರು ಸುತ್ತಿನ ಕೋಟೆಯನ್ನು ಧರಿಸಿ ನಿಂತಿದ್ದ ವೀರಗಿರಿ ನಗರವು ಅಂದು ಮದುವೆಯ ಮನೆಯಂತೆ ಗಿಜಿಗುಡುತ್ತಿತ್ತು. ಸ್ನಾನಘಟ್ಟದಲ್ಲಿ ಮಾವುತರು ಪಟ್ಟದಾನೆಯ ಮೈಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ರಾಜಬೀದಿಯ ಉದ್ದಕ್ಕೂ ಮನೆಮನೆಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಾರಣೆ ಮಾಡುತ್ತಿದ್ದರು. ಮಾವಿನ ತಳಿರು ಹೊತ್ತು ಬಂದ ಎತ್ತಿನ ಬಂಡಿಗಳು ಹೂವಾಡಗಿತ್ತಿಯರ ಬುಟ್ಟಿಗಳ ನಡುವೆ ಸಿಕ್ಕಿಕೊಂಡು, ಬೈಗುಳವೂ ನಗೆಯೂ ಒಟ್ಟಿಗೇ ಏಳುತ್ತಿದ್ದವು. ಇವೆಲ್ಲಕ್ಕೂ ಮೇಲೆ, ಭೋಗೇಶ್ವರ ಸ್ವಾಮಿಯ ಶಿಖರದ ಹೊನ್ನಕಲಶವು ಯಾರ ಗದ್ದಲಕ್ಕೂ ಬೇಸರಿಸದೆ, ಎಲ್ಲರನ್ನೂ ಒಂದೇ ಸಮನಾಗಿ ನೋಡುತ್ತ ಬೆಳಗುತ್ತಿತ್ತು.

ಬಾಲ್ಯದಲ್ಲೇ ಪಟ್ಟಕ್ಕೆ ಬಂದಿದ್ದ ಮಹೀಧರದೇವನು ಪ್ರಾಪ್ತವಯಸ್ಕನಾಗಿ, ಇಷ್ಟು ಕಾಲ ರಾಜ್ಯಭಾರವನ್ನು ಹೊತ್ತಿದ್ದ ಪ್ರಧಾನಿ ನಾಕಿಮಯ್ಯನಿಂದ ಮುದ್ರೆಯುಂಗುರವನ್ನು ಸ್ವೀಕರಿಸುವ ದಿನ ಮರುದಿನವೇ ಇತ್ತು. ಅಂಥ ದಿನದಂದು ಆ ನಾಡಿನಲ್ಲಿ ಒಂದು ಪುರಾತನ ಸಂಪ್ರದಾಯವಿತ್ತು. ಕೊಲೆ ಮಾಡಿ ಸೆರೆಯಲ್ಲಿರುವವನನ್ನು ಭೋಗೇಶ್ವರನ ನಂದಿಯ ಮುಂದೆ ನಿಲ್ಲಿಸುತ್ತಿದ್ದರು. ಸತ್ತವನ ಮನೆಯವರು ತಮ್ಮ ಬಾವಿಯ ನೀರನ್ನು ತಂದು, ಮನಸ್ಸೊಪ್ಪಿದರೆ ಅವನ ಬೊಗಸೆಗೆ ಎರೆಯುತ್ತಿದ್ದರು. ಅದೇ ಕ್ಷಮೋದಕ. ಅದನ್ನು ಕುಡಿದವನ ಸಂಕೋಲೆಯನ್ನು ದೊರೆಯೇ ಕಳಚುತ್ತಿದ್ದ. ಆ ನೆತ್ತರಿನ ಮಾತನ್ನು ಮುಂದೆಂದೂ, ಯಾರ ಮೇಲೂ, ಯಾವ ಸಭೆಯಲ್ಲೂ ಎತ್ತುವಂತಿರಲಿಲ್ಲ. ಎರೆದ ನೀರನ್ನು ಒಲ್ಲೆನೆಂದು ಚೆಲ್ಲಿದವನಿಗೆ ಮಾತ್ರ ಅದು ಮತ್ತೆ ದೊರೆಯುತ್ತಿರಲಿಲ್ಲ. ಅವನು ಸಾಯುವವರೆಗೂ ಸೆರೆಯಲ್ಲೇ ಇರಬೇಕಾಗಿತ್ತು. ಹಾಗೆ ಚೆಲ್ಲಿದವರು ಯಾರೂ ಇರಲಿಲ್ಲವೆನ್ನಿ. ಬಿಡುಗಡೆಯನ್ನು ಯಾರು ತಾನೆ ಚೆಲ್ಲಿಕೊಂಡಾರು?

ಊರಿನ ಸಡಗರದ ಸದ್ದು ತೆಂಕಣ ಕೊತ್ತಳದ ಸೆರೆಮನೆಗೂ ಕೇಳಿಸುತ್ತಿತ್ತು. ಅಲ್ಲಿ ಬೀಚರಸನು ಗೋಡೆಯ ಮಣ್ಣಿನಿಂದ ತಾನೇ ಮಾಡಿಕೊಂಡಿದ್ದ ಪುಟ್ಟ ಲಿಂಗದ ಮುಂದೆ ಕುಳಿತಿದ್ದನು. ಒಂದು ಕಾಲದಲ್ಲಿ ಅವನು ಅರಮನೆಯ ಬಾಗಿಲ ಕಾವಲಿನ ನಾಯಕ. ಕೋಟೆ ಬಾಗಿಲುಗಳ ಅಧಿಪತಿಯಾಗಿದ್ದ ಗೋವಿಂದರಸನನ್ನು ಒಂದು ಮುಂಜಾನೆ ಅರಮನೆಯ ದೇವರ ಕೋಣೆಯ ಹೊಸ್ತಿಲಲ್ಲಿ ಇರಿದು ಕೊಂದಿದ್ದನು. ಅದನ್ನು ಅವನು ಅಲ್ಲಗಳೆದಿರಲಿಲ್ಲ. ಏಕೆ ಕೊಂದೆಯೆಂದು ಸಭೆ ಕೇಳಿದಾಗ, "ನನಗೂ ಅವರಿಗೂ ಹಗೆಯಿತ್ತು" ಎಂದಷ್ಟೇ ಹೇಳಿ ತಲೆ ತಗ್ಗಿಸಿದ್ದನು.

ಹಗೆ ಇರಲಿಲ್ಲ. ಇದ್ದದ್ದು ನಾಕಿಮಯ್ಯನ ಮಾತು. "ಗೋವಿಂದರಸ ಶತ್ರುವಿಗೆ ತನ್ನನ್ನು ಮಾರಿಕೊಂಡಿದ್ದಾನೆ. ಮುಂಜಾನೆ ಪೂಜೆಯ ಹೊತ್ತಿಗೆ ಶಾಲಿನೊಳಗೆ ಕಠಾರಿಯಿಟ್ಟುಕೊಂಡು ಬಾಲದೊರೆಯ ಬಳಿಗೆ ಬರುತ್ತಾನೆ. ಈ ಸಂಗತಿ ಬಯಲಾದರೆ ಸೈನ್ಯ ಎರಡಾಗುತ್ತದೆ, ಬೀಚ. ನೀನೇ ಮುಗಿಸಬೇಕು, ನೀನೇ ಹೊರಬೇಕು. ಇದು ಒಡೆಯನಿಗೆ ನೀನು ಸಲ್ಲಿಸುವ ಪೂಜೆಯೆಂದು ತಿಳಿ" ಎಂದಿದ್ದನು ಆ ಹಿರಿಯ. ಬೀಚರಸನಿಗೆ ಅಕ್ಷರ ಕಲಿಸಿ, ಕತ್ತಿ ಕೊಡಿಸಿ, ತಂದೆಯ ಸ್ಥಾನದಲ್ಲಿ ನಿಂತಿದ್ದವನು ಆತ. ಮುಂಜಾನೆ ಗೋವಿಂದರಸನು ಬಂದಾಗ ಶಾಲಿನೊಳಗೆ ಎದೆಗೆ ಅಡ್ಡವಾಗಿ ಏನೋ ಉಬ್ಬಿ ಕಾಣುತ್ತಿತ್ತು. ಬೀಚರಸನಿಗೆ ಅಷ್ಟು ಸಾಕಾಯಿತು. ಇರಿದ ಕೂಡಲೇ ನಾಕಿಮಯ್ಯನು ಓಡಿಬಂದು, ಹೆಣದ ಮೇಲೆ ಶಾಲನ್ನು ಎಳೆದು, ಯಾರೂ ಮುಟ್ಟದಂತೆ ಸಾಗಿಸಿಬಿಟ್ಟಿದ್ದನು.

ಈಗ, ಕ್ಷಮೋದಕದ ಹಿಂದಿನ ದಿನ ಬೆಳಿಗ್ಗೆ, ಅದೇ ನಾಕಿಮಯ್ಯನು ಬಹಳ ಕಾಲದ ಮೇಲೆ ಸೆರೆಮನೆಗೆ ಬಂದಿದ್ದನು.

"ನಾಳೆ ನೀನು ಹೊರಗೆ, ಬೀಚ. ಮಾತು ಕೊಟ್ಟಿದ್ದೆನಲ್ಲ. ಗೋವಿಂದರಸನ ಹೆಂಡತಿ ಹರಿಯಲೆಯನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಡ್ಡ ನರೆತುಹೋಯಿತು."

"ತಮ್ಮ ಋಣ ದೊಡ್ಡದು, ಸ್ವಾಮಿ. ನನ್ನ ಸೋಮಲೆ ಹೇಗಿದ್ದಾಳೆ?"

"ನಿನ್ನ ಮಗಳಿಗೇನು, ನನ್ನ ಮನೆಯಲ್ಲೇ ಬೆಳೆದಿದ್ದಾಳೆ. ಅಪ್ಪನಿಗೆಂದು ಹೊಸ ಪಂಚೆ ಹಿಡಿದುಕೊಂಡು ನಾಳೆ ನಂದಿಯ ಪಕ್ಕದಲ್ಲೇ ನಿಂತಿರುತ್ತಾಳೆ." ಪ್ರಧಾನಿಯು ಏಳುತ್ತ, ನೆನಪಾದವನಂತೆ ಹೇಳಿದನು: "ಹುಡುಗ ದೊರೆ ಹಳೆಯ ಸಂಗತಿಗಳನ್ನೆಲ್ಲ ಕೆದಕಿ ಕೇಳುತ್ತಿದ್ದಾನೆ. ಕುಡಿದುಬಿಡು, ಎಲ್ಲರಿಗೂ ನೆಮ್ಮದಿ."

ಬೀಚರಸನು ಆ ಪಾದಗಳಿಗೆ ಹಣೆ ಹಚ್ಚಿ ನಮಸ್ಕರಿಸಿದನು.

ಕ್ಷಮೋದಕದ ಹಿಂದಿನ ದಿನ ಎರೆಯುವವರು ಅಡಿಗೆ ಮಾಡಿ ತಂದು, ಅಪರಾಧಿಗೆ ಎದುರು ಕುಳಿತು ಬಡಿಸಬೇಕು. ಉಣ್ಣುವವನ ಮುಖವನ್ನು ನೋಡಿಯೂ ಮನಸ್ಸು ತಿರುಗದಿದ್ದರೆ ಮಾತ್ರ ಮರುದಿನ ನೀರು. ಹಾಗೆ ಮಧ್ಯಾಹ್ನ ಹರಿಯಲೆ ಬಂದಳು. ಸೆರೆಯ ಕಾವಲುಗಾರ ಕೊಂತಪ್ಪನು ಬಾಗಿಲು ತೆರೆದು, "ಬಗ್ಗಿ ಬನ್ನಿ ತಾಯಿ, ಈ ಬಾಗಿಲು ದೊಡ್ಡವರ ತಲೆಯನ್ನೇ ಹುಡುಕಿ ಹೊಡೀತದೆ" ಎಂದು, ತಾನು ಹೊರಗೆ ಕುಳಿತನು.

ನಡುವಯಸ್ಸಿನ ಆಕೆಯ ಮುಖದಲ್ಲಿ ಅಳು ಒಣಗಿ ಎಷ್ಟೋ ಕಾಲವಾಗಿತ್ತು. ಎಲೆ ಹಾಸಿ, ಜೋಳದ ರೊಟ್ಟಿ, ಹುರುಳಿಯ ಸಾರು ಬಡಿಸಿದಳು.

"ಪ್ರಧಾನಿಗಳು ವರ್ಷವರ್ಷವೂ ಹೇಳಿದರು, ಕ್ಷಮಿಸು ತಂಗಿ ಎಂದು. ಅವರ ಮಾತಿಗೆ ನನ್ನ ಮನಸ್ಸು ಕರಗಲಿಲ್ಲ. ಒಂದು ದಿನ ಭೋಗೇಶ್ವರನ ಎದುರು ನಿಂತಾಗ, ಇವನ ಮೇಲಿನ ಕೋಪವನ್ನು ಹೊತ್ತು ಹೊತ್ತು ನನ್ನ ಗಂಡನ ಮುಖವೇ ಮರೆಯುತ್ತಿದೆ ಅನ್ನಿಸಿತು. ಅದಕ್ಕೇ ಬಂದೆ. ಉಣ್ಣು."

ಬೀಚರಸನು ಮುರಿದ ತುತ್ತನ್ನು ಎಲೆಯ ಮೇಲೇ ಇಟ್ಟನು. "ತಾಯಿ, ನಾನು ಕೇಳಬಾರದ ಕ್ಷಮೆ ಇದು."

"ನೀನು ಕೇಳಿಲ್ಲ, ನಾನು ಕೊಡುತ್ತಿದ್ದೇನೆ. ಒಂದೇ ಒಂದು ಹೇಳು. ಬೀಳುವಾಗ ಅವರಿಗೆ ಬಹಳ ನೋವಾಯಿತೇ? ಆ ಕೈ ಮೊದಲೇ ನೋಯುತ್ತಿತ್ತು, ಅದರ ಮೇಲೆಯೇ ಬಿದ್ದರೇ?"

"ಯಾವ ಕೈ?"

"ಬಲಗೈ. ಹಿಂದಿನ ಸಂಜೆ ಕುದುರೆ ಕೆಡವಿ ಮುಂಗೈ ಮುರಿದಿತ್ತು. ಬಿದಿರಿನ ಸೀಳು ಇಟ್ಟು, ಎದೆಗೆ ಒತ್ತಿ ನಾನೇ ಕಟ್ಟಿದ್ದೆ. ಮುರಿದ ಕೈ ತೋರಿಸಿಕೊಂಡು ದೊರೆಯ ಮುಂದೆ ನಿಲ್ಲಬಾರದೆಂದು ಮೇಲೆ ಶಾಲು ಹೊದ್ದು ಹೋದರು. ನಿನಗೆ ಕಾಣಲಿಲ್ಲವೇನೋ."

ಹೊರಗೆ ಯಾರೋ ಡೋಲಿನ ಚರ್ಮವನ್ನು ಬಿಗಿ ಮಾಡಿ ತಟ್ಟಿ ನೋಡುತ್ತಿದ್ದರು. ಬೀಚರಸನು ಎಲೆಯ ಮೇಲಿನ ರೊಟ್ಟಿಯನ್ನೇ ನೋಡುತ್ತ, ತನ್ನದೆನಿಸದ ದನಿಯಲ್ಲಿ ಕೇಳಿದನು: "ಕೈ ಮುರಿದದ್ದು ಯಾರಿಗೆ ಗೊತ್ತಿತ್ತು, ತಾಯಿ?"

"ಯಾರಿಗೆ ಹೇಳುವುದಕ್ಕೆ ಹೊತ್ತೆಲ್ಲಿತ್ತು? ದೊರೆಗೆ ಏನೋ ತುರ್ತಾಗಿ ಹೇಳಬೇಕಿತ್ತಂತೆ, ಹಿರಿಯರನ್ನು ಮೀರಿ ಹೋಗಬಾರದೆಂದು ಪ್ರಧಾನಿಗಳನ್ನು ಮೊದಲು ಮನೆಗೆ ಕರೆಸಿದ್ದರು. ನಾನು ಕಟ್ಟುವಾಗ ಕೈಯನ್ನು ಅಲುಗದಂತೆ ಹಿಡಿದುಕೊಂಡವರೇ ಅವರು. ನಾಕಿಮಯ್ಯನವರು. 'ಬಿಗಿಯಾಗಿ ಕಟ್ಟು ತಂಗಿ' ಅಂದರು."

ಎಷ್ಟೋ ವರ್ಷಗಳಿಂದ ಪೂಜೆಯೆಂದು ಬೀಚರಸನು ಹೊತ್ತಿದ್ದದ್ದು ಆ ಒಂದು ಮಾತಿಗೆ ಅವನ ಮಡಿಲಲ್ಲೇ ಹೆಣವಾಗಿ ಬಿತ್ತು. ಕಠಾರಿಯಿರಲಿಲ್ಲ. ಎತ್ತಲೂ ಆಗದ ಕೈಯನ್ನು ಎದೆಗೆ ಕಟ್ಟಿಕೊಂಡು ಬಂದ ಮನುಷ್ಯನನ್ನು, ಅವನ ಕೈ ಹಿಡಿದು ಸಂತೈಸಿ ಬಂದವನ ಮಾತು ಕೇಳಿ, ತಾನು ದೇವರ ಹೊಸ್ತಿಲಲ್ಲಿ ಇರಿದಿದ್ದನು. ಈಗ ಆ ಮನುಷ್ಯನ ಹೆಂಡತಿಯ ಕ್ಷಮೆಯನ್ನೇ ನಾಕಿಮಯ್ಯನು ಬೀಗಮುದ್ರೆಯಾಗಿ ಬಳಸಲಿದ್ದನು. ತಾನು ನೀರು ಕುಡಿದ ಗಳಿಗೆಗೆ ಆ ನೆತ್ತರಿನ ಬಾಯಿ ಮುಚ್ಚುತ್ತದೆ. ದೊರೆ ಕೆದಕಿದರೂ ಏನೂ ಸಿಕ್ಕುವುದಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲು ಅಲ್ಲ, ತನ್ನ ತಲೆ ಉಳಿಸಿಕೊಳ್ಳಲು ಬೆಳಿಗ್ಗೆ ಆತ ಬಂದದ್ದು.

ಎಲ್ಲವನ್ನೂ ಅಲ್ಲೇ ಹೇಳಿಬಿಡಲು ಬೀಚರಸನ ನಾಲಿಗೆ ತುಡಿಯಿತು. ಆದರೆ ಹೊರಗೆ ಹರಿಯಲೆಯನ್ನು ಕರೆದೊಯ್ಯಲು ಕಾದಿದ್ದದ್ದು ಪ್ರಧಾನಿಯದೇ ಪಲ್ಲಕ್ಕಿ, ಪ್ರಧಾನಿಯವೇ ಆಳುಗಳು. ಅರಿತ ಮುಖ ಹೊತ್ತು ಆಕೆ ಅದರಲ್ಲಿ ಕುಳಿತರೆ ಮನೆ ಸೇರುವಳೆಂಬ ನಂಬಿಕೆಯಿರಲಿಲ್ಲ. ಅವನು ಎಲೆಯ ಮೇಲಿದ್ದುದನ್ನೆಲ್ಲ ಉಂಡನು. ಕಡೆಗೆ, "ತಾಯಿ, ನಾಳೆ ನಾನು ಏನು ಮಾಡಿದರೂ ನಿಮ್ಮ ನೀರನ್ನು ಕೀಳಾಗಿ ಕಂಡೆನೆಂದು ತಿಳಿಯಬೇಡಿ" ಎಂದನು. ಆಕೆ ಅರ್ಥವಾಗದೆ ಅವನನ್ನು ಒಂದು ಕ್ಷಣ ನೋಡಿ, ಪಾತ್ರೆಗಳನ್ನು ಎತ್ತಿಕೊಂಡು ಹೋದಳು.

"ನಾಳೆಯಿಂದ ಈ ಬೀಗ ತುಕ್ಕು ಹಿಡೀತದೆ ನಾಯಕರೇ," ಎಂದನು ಕೊಂತಪ್ಪ, ಬಾಗಿಲೆಳೆಯುತ್ತ. "ಮಗಳ ಮದುವೆಗೆ ಕರೀರಿ. ಸೆರೆಮನೆಯವನು ಅಂತ ಪಂಕ್ತಿಯ ಕೊನೆಗೆ ಕೂರಿಸಬೇಡಿ."

ಬೀಚರಸನು ಮಣ್ಣಿನ ಲಿಂಗದ ಮುಂದೆ ಕುಳಿತನು. ಸೋಮಲೆಯ ಮುಖವನ್ನು ನೆನೆಯಲು ಹೋದರೆ ಹಲ್ಲು ಬಿದ್ದ ಮಗುವಿನ ಮುಖವೇ ಬರುತ್ತಿತ್ತು. ಈಗಿನದನ್ನು ಅವನು ಕಂಡೇ ಇರಲಿಲ್ಲ. ಒಂದು ಬೊಗಸೆ ನೀರು ಕುಡಿದರೆ ಅವಳು. ಸ್ವಾಮಿಯನ್ನು ಅವನು ದಾರಿ ತೋರೆಂದು ಕೇಳಲಿಲ್ಲ. ದಾರಿ ಕಾಣುತ್ತಿತ್ತು. ನಡೆಯುವ ಶಕ್ತಿಯನ್ನಷ್ಟೇ ಬೇಡಿದನು. ಬೇಡಿದವರಿಗೆ ಪರಮಾತ್ಮನು ಅದೊಂದನ್ನು ಎಂದೂ ಇಲ್ಲವೆಂದಿಲ್ಲ.

ಮರುದಿನ ನಂದಿಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹೀಧರದೇವನು ಎಳೆಮೀಸೆಯ ಮುಖದಲ್ಲಿ ಗಾಂಭೀರ್ಯವನ್ನು ತಂದುಕೊಂಡು ಕುಳಿತಿದ್ದನು, ಬಲಗಡೆಯಲ್ಲಿ ನಾಕಿಮಯ್ಯ. ಕಂಬದ ಬಳಿ ಪಂಚೆಯನ್ನು ಎದೆಗವಚಿಕೊಂಡು ನಿಂತ ನೀಳ ಕೊರಳಿನ ಹುಡುಗಿಯನ್ನು ಯಾರೂ ತೋರಿಸದೆಯೇ ಬೀಚರಸನು ಗುರುತಿಸಿದನು. ಸತ್ತ ಅವಳ ತಾಯಿಯೇ ನಿಂತಂತಿತ್ತು. ಹರಿಯಲೆಯು ತಂಬಿಗೆಯನ್ನು ಬಾಗಿಸಿದಳು. ತಣ್ಣನೆಯ ನೀರು ಅವನ ಬೊಗಸೆಯನ್ನು ತುಂಬಿತು.

"ಕುಡಿ, ಬೀಚರಸ," ಎಂದನು ನಾಕಿಮಯ್ಯ, ವಾತ್ಸಲ್ಯದಿಂದ.

ಬೀಚರಸನು ಬೊಗಸೆಯನ್ನು ಹಣೆಗೆತ್ತಿ ನಮಸ್ಕರಿಸಿ, ನಂದಿಯ ಪಾದಕ್ಕೆ ನೀರನ್ನು ಬಿಟ್ಟನು. ಜನಸ್ತೋಮವು ಒಮ್ಮೆಗೇ ಉಸಿರೆಳೆದುಕೊಂಡಿತು.

"ಮಹಾಪ್ರಭು, ಕುಡಿದರೆ ಈ ಮಾತು ಆಡುವ ಹಕ್ಕು ನನಗಿರುತ್ತಿರಲಿಲ್ಲ," ಎಂದು ಅವನು, ಕಠಾರಿಯ ಸುಳ್ಳನ್ನೂ ಮುರಿದ ಕೈಯ ಸತ್ಯವನ್ನೂ ಹೆಚ್ಚು ಮಾಡದೆ, ಕಡಿಮೆ ಮಾಡದೆ ಅರಿಕೆ ಮಾಡಿದನು.

ನಾಕಿಮಯ್ಯನು ವಿಚಲಿತನಾಗಲಿಲ್ಲ. "ಪಾಪ, ಸೆರೆಯ ಕತ್ತಲೆ ಇವನ ಬುದ್ಧಿಯನ್ನು ತಿಂದಿದೆ, ಪ್ರಭು. ಕೊಲೆಗಾರನ ಮಾತಿಗೆ ಸಾಕ್ಷಿಯೇನು?"

ಹರಿಯಲೆಯು ತಂಬಿಗೆಯನ್ನು ನಂದಿಯ ಪಾದದ ಬಳಿ ಇಟ್ಟು ಪ್ರಧಾನಿಯ ಕಡೆಗೆ ತಿರುಗಿದಳು. "ಅಣ್ಣ," ಎಂದಳು, ಎಂದಿನಂತೆ. "ಅವರ ಕೈ ಹಿಡಿದುಕೊಂಡಿದ್ದವರು ನೀವಲ್ಲವೇ? ಶಾಲಿನೊಳಗೆ ಏನಿತ್ತೆಂದು ನನ್ನನ್ನು ಬಿಟ್ಟರೆ ನಿಮಗೊಬ್ಬರಿಗೇ ಗೊತ್ತಿತ್ತು."

ಪ್ರಧಾನಿಯು ಉತ್ತರಿಸಲು ಬಾಯಿ ತೆರೆದನು. ಅಷ್ಟರಲ್ಲಿ ದೊರೆಯು ಎದ್ದು ನಿಂತಿದ್ದನು. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ತೊಡೆಯ ಮೇಲೆ ಕೂರಿಸಿಕೊಂಡು ಸಾಕಿದವನನ್ನು ಕಳೆದುಕೊಂಡ ಹುಡುಗನ ನೋವಿತ್ತು.

"ಸೆರೆಯಿಂದ ಹೊರಬರಲು ಸುಳ್ಳಾಡುವವರನ್ನು ನಾನು ಕೇಳಿದ್ದೇನೆ, ತಾತ. ಸೆರೆಯೊಳಗೇ ಉಳಿಯಲು ಸುಳ್ಳಾಡುವವನನ್ನು ಕೇಳಿಲ್ಲ. ಮುದ್ರೆಯುಂಗುರವನ್ನು ಕೊಡಿ."

ಉಂಗುರ ಬಿಗಿಯಾಗಿ ಕೂತಿತ್ತು. ನಾಕಿಮಯ್ಯನು ಅದನ್ನು ತೆಗೆಯುವಷ್ಟು ಹೊತ್ತೂ ಇಡೀ ಮಂಟಪ ನೋಡುತ್ತಿತ್ತು. ಮೂಡಣ ಬಾಗಿಲನ್ನು ಶತ್ರುರಾಜನಿಗೆ ತೆರೆದುಕೊಡುವ ನಾಕಿಮಯ್ಯನ ಹಳೆಯ ಸಂಚು, ಅದರ ಸುಳಿವನ್ನು ಗೋವಿಂದರಸನು ನಂಬಿ ಹೇಳಿದ್ದು ಸಂಚುಗಾರನಿಗೇ ಎಂಬುದು, ಆ ವಾರದ ವಿಚಾರಣೆಯಲ್ಲಿ ಪ್ರಧಾನಿಯ ಆಪ್ತರ ಬಾಯಿಂದಲೇ ಹೊರಬಿತ್ತು.

ಅಂದು ಮಂಟಪದಲ್ಲಿ, ಉಂಗುರ ಕೈಗೆ ಬಂದ ಮೇಲೆ, ದೊರೆಯು ಬೀಚರಸನ ಸಂಕೋಲೆಯತ್ತ ಕೈ ಚಾಚಿದಾಗ ಅವನೇ ಹಿಂದೆ ಸರಿದನು. "ಬೇಡ, ಪ್ರಭು. ಮೋಸಹೋದವನು ನಾನು ನಿಜ, ಕೊಂದವನೂ ನಾನೇ. ಚೆಲ್ಲಿದವನಿಗೆ ಮತ್ತೆ ನೀರಿಲ್ಲವೆಂಬುದು ನಿಮ್ಮ ಹಿರಿಯರ ಕಟ್ಟಳೆ. ಆಳುವ ಮೊದಲ ದಿನವೇ ಅದನ್ನು ನನಗಾಗಿ ಮುರಿಯಬೇಡಿ." ಹೊರಡುವಾಗ ಕಂಬದ ಬಳಿ ಒಂದು ಕ್ಷಣ ನಿಂತನು. ಸೋಮಲೆಯು ಪಂಚೆಯನ್ನು ಅವನ ಹೆಗಲಿಗೆ ಹೊದಿಸಿದಳು.

ಕೆಲವು ದಿನಗಳ ಮೇಲೆ ಕೊಂತಪ್ಪನು ಬಾಗಿಲು ತೆರೆದು, "ಬಗ್ಗಿ ಬನ್ನಿ" ಎಂದದ್ದು ಕೇಳಿ ಬೀಚರಸನು ತಲೆಯೆತ್ತಿದನು. ಮುಂದೆ ಹರಿಯಲೆ, ಹಿಂದೆ ಸೊಂಟದಲ್ಲಿ ಬಿಂದಿಗೆ ಹೊತ್ತ ಸೋಮಲೆ.

"ಇವಳು ಈಗ ನನ್ನ ಮನೆಯಲ್ಲಿದ್ದಾಳೆ," ಎಂದಳು ಹರಿಯಲೆ. "ಬಾವಿಯ ಹಗ್ಗ ಎಳೆಯುವುದಕ್ಕೆ ನನಗೂ ಒಂದು ಕೈ ಬೇಕಿತ್ತು." ತಂಬಿಗೆಯನ್ನು ಬಿಂದಿಗೆಯಲ್ಲಿ ಅದ್ದಿದಳು. "ಇದು ಬೀಗ ತೆಗೆಯುವ ನೀರಲ್ಲ, ಬೀಚರಸ. ಇದಕ್ಕೆ ಸಭೆಯಿಲ್ಲ, ಕಟ್ಟಳೆಯಿಲ್ಲ."

"ಗೊತ್ತು, ತಾಯಿ."

"ಅಂದು ನಾನು ಕ್ಷಮಿಸಿದ್ದು ನಿಜ ತಿಳಿಯದೆ. ಇಂದು ಎಲ್ಲ ತಿಳಿದಿದೆ. ಕೈ ಒಡ್ಡು."

ಅವನು ಬೊಗಸೆ ಒಡ್ಡಿದನು. ಸಂಕೋಲೆಯ ತೂಕಕ್ಕೆ ಮುಂಗೈಗಳು ನಡುಗಿದವು. ಸೋಮಲೆ ಬಾಗಿ, ಅವುಗಳನ್ನು ಅಲುಗದಂತೆ ತನ್ನ ಕೈಗಳಲ್ಲಿ ಹಿಡಿದುಕೊಂಡಳು. ಭೋಗೇಶ್ವರನ ಸಾಕ್ಷಿಯಾಗಿ, ಹನಿಯೂ ಕೆಳಗೆ ಬೀಳದಂತೆ ಅವನು ಕುಡಿದನು.