ಆರೋಗ್ಯವಂತರ ಸಾಲಿನ ಟ್ಯೂಬು

“ಮೇಡಂ, ನಾನು ಟ್ಯೂಬ್ ಅದಲುಬದಲು ಮಾಡಿಲ್ಲ. ಸಾಯಂಕಾಲದೊಳಗೆ ಕೆಲಸ ಬಿಡು ಅಂತಿದ್ದಾರೆ ಸರ್,” ಎಂದಳು ವಸಡು ವಿಭಾಗದ ಟೆಕ್ನಿಷಿಯನ್ ಹುಡುಗಿ, ಬಾಗಿಲಲ್ಲೇ ನಿಂತು.

“ಒಂದು ದಿನ ನೆಮ್ಮದಿಯಾಗಿ ಇರೋಕ್ಕೆ ಬಿಡಲ್ಲ ಈ ಜನ,” ಎಂದರು ಅತ್ತೆ. “ಒಳಗೆ ಬಾ.”

ದಂತ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬು ಅತ್ತೆಯದು. ಎಲ್ಲಿ ಏನು ಎಡವಟ್ಟಾದರೂ ಜನ ಬರುತ್ತಿದ್ದುದು ಅವರ ಬಳಿಗೇ. ತಮ್ಮ ಮಗ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ನನ್ನನ್ನೂ ಅಲ್ಲಿಗೆ ಕರೆತಂದಿದ್ದರು. ಮನೆಯಲ್ಲೂ ಲ್ಯಾಬಿನಲ್ಲೂ ನಾವಿಬ್ಬರೇ.

ಎಳೆ ವಯಸ್ಸಿನಲ್ಲೇ ಹಲ್ಲು ಸಡಿಲಿಸುವ ಉಗ್ರ ವಸಡು ರೋಗದ ಮೇಲೆ ಆ ವಿಭಾಗದ ಯುವ ಡಾಕ್ಟರರ ಸಂಶೋಧನೆ. ರೋಗಾಣುವಿನ ಜಾಡು ಹಿಡಿದು ಬಿಳಿ ರಕ್ತಕಣಗಳು ಎಷ್ಟು ಚುರುಕಾಗಿ ಸಾಗುತ್ತವೆಂದು ನೋಡುವುದು. ರೋಗಿಗಳ ಕಣಗಳು ತೆವಳಿದವು, ಆರೋಗ್ಯವಂತರವು ಓಡಿದವು. ಆರೋಗ್ಯವಂತರ ಸಾಲಿನ ಒಂದು ಟ್ಯೂಬು ಮಾತ್ರ ತೆವಳಿತು. ರೋಗಿಯ ಟ್ಯೂಬನ್ನು ಹುಡುಗಿ ಅಲ್ಲಿಟ್ಟಿದ್ದಾಳೆಂದು ಡಾಕ್ಟರರ ದೂರು.

“ಆ ಸಾಲಲ್ಲಿ ಯಾರ್ಯಾರು?” ಅತ್ತೆ ಕೇಳಿದರು.

“ನಮ್ಮ ವಿಭಾಗದವರೇ. ಎಲ್ಲರ ಬಾಯೂ ಸರ್ ನೋಡಿ ಸೇರಿಸ್ಕೊಂಡ್ರು. ಸರ್ ರಕ್ತಾನೂ ಇದೆ. ಟ್ಯೂಬ್ ಮೇಲೆ ನಂಬರ್ ಮಾತ್ರ. ಯಾರದ್ಯಾವುದು ಅಂತ ಸರ್‌ಗೆ ಮಾತ್ರ ಗೊತ್ತು.”

“ರೋಗಿಗಳ ಸಾಲಲ್ಲಿ ಒಂದಾದ್ರೂ ಓಡಿತಾ?”

“ಒಂದೂ ಇಲ್ಲ.”

ಅತ್ತೆ ನಿಟ್ಟುಸಿರಿಟ್ಟು ಆ ಸಾಲಿನವರನ್ನೆಲ್ಲ ಚಹಾಕ್ಕೆ ಕರೆಸಿದರು. ಗಟ್ಟಿ ಬಿಸ್ಕತ್ತು ತರಿಸಿದರು. ಡಾಕ್ಟರರು ತಮ್ಮದನ್ನು ಚಹಾದಲ್ಲಿ ಕರಗುವಷ್ಟು ಅದ್ದಿ ನುಂಗುತ್ತಿದ್ದರು. ಯಾರದೋ ತಮಾಷೆಗೆ ತುಟಿ ಬಿಚ್ಚದೆ ನಕ್ಕರು.

“ಇವಳನ್ನ ಇನ್ನೂ ಕಳಿಸಿಲ್ವಾ?” ಎಂದರು, ಹುಡುಗಿಯತ್ತ ನೋಡಿ.

“ಕಳಿಸೋದು ಯಾಕೆ?” ಎಂದರು ಅತ್ತೆ. “ಅದಲುಬದಲಾಗಿದ್ರೆ ಆರೋಗ್ಯವಂತರ ಟ್ಯೂಬೊಂದು ರೋಗಿಗಳ ಸಾಲಿಗೆ ಹೋಗಿ ಅಲ್ಲಿ ಓಡಬೇಕಿತ್ತು. ಓಡಲಿಲ್ಲ. ಅಂದ್ರೆ ಟ್ಯೂಬು ಸರಿಯಿದೆ, ಮನುಷ್ಯನೇ ತಪ್ಪು ಸಾಲಲ್ಲಿ ನಿಂತಿದ್ದಾನೆ. ಇವರೆಲ್ಲರ ಬಾಯಿ ನೀವು ನೋಡಿದ್ರಿ. ನಿಮ್ಮ ಬಾಯಿ ಯಾರಪ್ಪಾ ನೋಡಿದ್ದು?”

ವಸಡಿನ ಡಾಕ್ಟರರ ವಸಡು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಬಿಸ್ಕತ್ತು ಕಚ್ಚಿ ತೋರಿಸಿ, ಸಾಕು.”

ಅವರು ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟರು. “ಕೆಳಗಿನ ಹಲ್ಲು ಅಲ್ಲಾಡ್ತಿದೆ. ಗೊತ್ತಾದ್ರೆ ರೋಗಿಗಳು ನನ್ನ ಹತ್ರ ಯಾಕೆ ಬರ್ತಾರೆ ಹೇಳಿ.”

“ಅದಕ್ಕೆ ಈ ಹುಡುಗಿ ಅನ್ನ ಕಿತ್ಕೊಳ್ಳೋದಾ? ನಿಮ್ಮನ್ನ ಪಾಸ್ ಮಾಡಿದೋರು ಯಾರೋ.”

ಡಾಕ್ಟರರು ತಲೆತಗ್ಗಿಸಿ, “ತಪ್ಪಾಯ್ತಮ್ಮ. ನಾಳೆ ಎಂದಿನ ಹಾಗೆ ಕೆಲಸಕ್ಕೆ ಬಾ,” ಎಂದರು.

ಹುಡುಗಿ ಕಣ್ಣೊರೆಸಿಕೊಂಡು ಟ್ಯೂಬುಗಳ ಸ್ಟ್ಯಾಂಡಿನ ಬಳಿಗೆ ಹೋದಳು. ತೆವಳಿದ ಆ ಒಂದು ಟ್ಯೂಬನ್ನು ಎತ್ತಿ ರೋಗಿಗಳ ಸಾಲಿನ ಕೊನೆಯಲ್ಲಿಟ್ಟಳು.

“ಈಗ ಅದಲುಬದಲು ಮಾಡಿದ್ದೀನಿ ಸರ್,” ಎಂದಳು.