ತೊಟ್ಟಿಲು ಹೋದ ಕೋಣೆ

ಸ್ಫೂರ್ತಿಗೆ ಆ ಕಾರ್ಖಾನೆಯಲ್ಲಿ ಜೊತೆಗೆ ಕೂತು ಉಣ್ಣುವವರಿರಲಿಲ್ಲ. ಶಿವಮೊಗ್ಗದ ಹೊರವಲಯದ ಆ ಗಾರ್ಮೆಂಟ್ಸ್‌ನಲ್ಲಿ ಅವಳು ಎಚ್‌ಆರ್ ಅಧಿಕಾರಿ. ಹೊಲಿಗೆಯ ಹೆಂಗಸರಿಗೆ ಮಾಲೀಕರ ಕಡೆಯವಳು. ಮ್ಯಾನೇಜರ್ ವಿಜಯೇಂದ್ರನಿಗೆ, ಮಾತೆತ್ತಿದರೆ ಕಾನೂನು ಹೇಳುವ ಪೀಡೆ. ಕರೆದು ಮಾತಾಡಿಸುತ್ತಿದ್ದವಳು ಶಿಶುಪಾಲನಾ ಕೇಂದ್ರದ ಆಯಾ ಪುಷ್ಪಮ್ಮ ಒಬ್ಬಳೇ.

ಸೋಮವಾರ ಬೆಳಿಗ್ಗೆ ಪುಷ್ಪಮ್ಮ ಕೇಂದ್ರದ ಬೀಗ ತೆಗೆದವಳೇ ಕೂಗಿಕೊಂಡಳು. ಕೋಣೆ ಖಾಲಿ. ಕಬ್ಬಿಣದ ತೊಟ್ಟಿಲುಗಳು, ಆಟದ ಸಾಮಾನು, ಬಾಗಿಲ ಮೇಲಿನ ‘ಶಿಶುಪಾಲನಾ ಕೇಂದ್ರ’ ಬೋರ್ಡು — ಯಾವುದೂ ಇಲ್ಲ. ಬೀಗ ಮುರಿದಿರಲಿಲ್ಲ. ಕೀಲಿ ಎರಡೇ: ಒಂದು ಆಫೀಸಿನಲ್ಲಿ, ಒಂದು ಅವಳ ಸೆರಗಿನ ತುದಿಯಲ್ಲಿ.

ಅವಳೇ ಗುಜರಿಗೆ ಹಾಕಿದ್ದಾಳೆ ಎಂದು ವಿಜಯೇಂದ್ರ ತೀರ್ಮಾನಿಸಿದ. ಇವತ್ತೇ ವಿಚಾರಣೆ ಮುಗಿಸಿ ವಜಾ ಮಾಡಬೇಕು ಎಂದ. ಆರೋಪಪತ್ರ ಕೊಡಬೇಕು, ಉತ್ತರಕ್ಕೆ ಕಾಲಾವಕಾಶ ಕೊಡಬೇಕು ಎಂದು ಸ್ಫೂರ್ತಿ ಹೇಳಿದ್ದಕ್ಕೆ ಕೈ ಬೀಸಿದ. ಅಷ್ಟರಲ್ಲಿ ಗೇಟಿನಲ್ಲಿ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತ ತಾಯಂದಿರಲ್ಲಿ ಇಬ್ಬರು ಕೆಲಸವೇ ಬೇಡವೆಂದು ಹೊರಟುಹೋದರು.

ವಿಚಾರಣೆಗೆ ಪುಷ್ಪಮ್ಮ ಸ್ಫೂರ್ತಿಯ ಮೇಜಿನ ಮುಂದೆ ಬಂದಳು. ಕೂರಲಿಲ್ಲ.

“ನಿನ್ನೆ ಎಲ್ಲಿದ್ರಿ?”

“ಕೋಟೆ ಹತ್ರ, ಅಕ್ಕನ ಮನೇಲಿ. ನೀನೂ ನನ್ನೇ ಕೇಳ್ತೀಯೇನೇ ಮಾರಾಯ್ತಿ?”

“ಕೇಳಬೇಕು. ಕೇಳದೆ ಯಾರನ್ನೂ ತೆಗೆಯೋ ಹಾಗಿಲ್ಲ.”

“ಹಂಗಾದ್ರೆ ಕೇಳಿ ತೆಗೀತೀರಿ.”

ಸ್ಫೂರ್ತಿ ಎದ್ದು ಗೇಟಿಗೆ ಹೋದಳು. ವಾಚ್‌ಮನ್ ಜಯಪ್ಪನನ್ನು ಕೇಳಿದಳು. ಭಾನುವಾರ ಕಂಪನಿ ವ್ಯಾನು ಬಿಟ್ಟರೆ ಬೇರೆ ಗಾಡಿ ಹೊರಗೆ ಹೋಗಿಲ್ಲ ಎಂದ; ಅದರೊಳಗೆ ಇಣುಕುವುದು ತನ್ನ ಕೆಲಸವಲ್ಲ ಎಂದೂ ಸೇರಿಸಿದ.

ಮತ್ತೆ ಕೋಣೆಯ ಮುಂದೆ ನಿಂತಳು. ಬಾಗಿಲ ಮೇಲೆ ಸ್ಕ್ರೂ ಬಿಚ್ಚಿದ ತೂತುಗಳು. ಅಲ್ಲಿಂದ ನೇರ, ಕಂಪನಿಯ ಇನ್ನೊಂದು ಯೂನಿಟ್ ಇರುವ ಭದ್ರಾವತಿಯ ಬಸ್ಸು ಹತ್ತಿದಳು.

ಸಂಜೆ ಮ್ಯಾನೇಜರನ ಕ್ಯಾಬಿನ್ನು.

“ಕಳ್ಳತನ ಪತ್ತೆಯಾಯ್ತು ಸರ್.”

“ಒಪ್ಕೊಂಡ್ಲಾ?”

“ಕಬ್ಬಿಣ ಗುಜರಿಗೆ ಹೋಗುತ್ತೆ. ಪ್ಲಾಸ್ಟಿಕ್ ಬೋರ್ಡು ಯಾರಿಗೆ ಬೇಕು? ಕಾನೂನು ಕೇಳೋ ಶಿಶುಪಾಲನಾ ಕೇಂದ್ರ ಇಲ್ಲದೆ ಇರೋರಿಗೆ. ಭದ್ರಾವತಿ ಯೂನಿಟ್‌ನಲ್ಲಿ ಇವತ್ತು ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಷನ್ ಅಂತ ನಾನೇ ನಿಮಗೆ ನೆನಪಿಸಿದ್ದೆ. ಅಲ್ಲಿನ ಸ್ಟೋರ್ ರೂಮಿಗೆ ನಮ್ಮ ಬೋರ್ಡು ಹಾಕಿದ್ದಾರೆ. ಒಳಗೆ ನಮ್ಮ ತೊಟ್ಟಿಲು. ಪುಷ್ಪಮ್ಮ ದೃಷ್ಟಿಗೆ ಅಂತ ಕಟ್ಟಿದ ಕಪ್ಪು ದಾರ ಹಾಗೇ ಇದೆ. ಮಗು ಒಂದೂ ಇಲ್ಲ. ಆಫೀಸಿನ ಕೀಲಿ ಇರೋದು ನಿಮ್ಮ ಹತ್ರ. ಕಳಿಸಿದ್ದು ನೀವು.”

ವಿಜಯೇಂದ್ರ ಬೆಚ್ಚಲಿಲ್ಲ.

“ಮದುವೆಮನೆಗೆ ಪಾತ್ರೆ ಕೊಡಲ್ವೇನಮ್ಮ? ಹಾಗೆ, ಒಂದು ದಿನಕ್ಕೆ. ಇಲ್ಲಿ ಕೋಣೆಗೆ ಸುಣ್ಣ ಹೊಡೆಸ್ತಿದ್ದೀವಿ ಅನ್ನೋಣ ಅಂತಿದ್ದೆ. ನಾನು ಬರೋ ಮೊದ್ಲೇ ಅವಳು ಕೂಗಿಬಿಟ್ಲು.”

“ಅದಕ್ಕೆ ಕಳ್ಳಿ ಮಾಡಿದ್ರಾ?”

ಅವನು ಕಿಟಕಿಯ ಕಡೆ ನೋಡಿದ.

ಸ್ಫೂರ್ತಿ ನಡೆದದ್ದನ್ನೆಲ್ಲ ಅವನ ಹೆಸರು ಸಮೇತ ಬರೆದು ಮಾಲೀಕರಿಗೂ ಕಾರ್ಖಾನೆ ಇಲಾಖೆಗೂ ಕಳಿಸಿದಳು. ಪುಷ್ಪಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಕಳ್ಳಿ ಅನ್ನಿಸಿಕೊಂಡ ಜಾಗಕ್ಕೆ ಮತ್ತೆ ಕಾಲಿಡುವುದಿಲ್ಲ, ನೀನೂ ಇನ್ನು ಫೋನ್ ಮಾಡಬೇಡ ಎಂದು ಹೇಳಿ ಅವಳು ಫೋನ್ ಇಟ್ಟುಬಿಟ್ಟಳು.

ತೊಟ್ಟಿಲುಗಳೆಲ್ಲ ವಾಪಸ್ ಬಂದವು. ಹೋದವರು ಮೂವರು: ಇಬ್ಬರು ತಾಯಂದಿರು, ಒಬ್ಬ ಆಯಾ.