ಈ ಗೀಸರ್ ಮತ್ತೊಮ್ಮೆ ಕೆಡಬಾರದೇ...!

"ಅತ್ತಿಗೇ... ನೀರು ಕೊರೀತಿದೆ! ಟವೆಲ್ ಕೊಡಿ ಬೇಗ!"

ತಲೆ ತುಂಬ ಶಾಂಪೂ ನೊರೆ, ಕಣ್ಣೊಳಗೂ ಒಂದಿಷ್ಟು. ಮನೆಬಟ್ಟೆಯಲ್ಲೇ ಬಗ್ಗಿ ತಲೆ ತೊಳೆಯುತ್ತಿದ್ದವಳು ಗೋಡೆ ತಡವುತ್ತಾ ಬಚ್ಚಲಿನಿಂದ ಹೊರಬಂದು ಯಾರಿಗೋ ಢಿಕ್ಕಿ ಹೊಡೆದಳು.

ಟವೆಲ್ ಕೈಗೆ ಬಂತು. ಜೊತೆಗೆ ಗಂಡಸಿನ ದನಿಯೂ!

"ನಿಮ್ಮತ್ತಿಗೆ ಒಲೆ ಮೇಲೆ ನೀರಿಡೋಕೆ ಹೋದ್ರು. ನಾನು ಗೀಸರ್ ನೋಡೋಕೆ ಬಂದೋನು. ಕಣ್ಣು ಬಿಡ್ಬೇಡಿ, ಉರಿಯುತ್ತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಮುಖ ಕಾಣುವ ಮೊದಲೇ ಆ ದನಿ ಮನಸ್ಸಿಗೆ ಹಿಡಿಸಿಬಿಟ್ಟಿತ್ತು. ಆಮೇಲೆ ಕಂಡ ಮುಖವೂ ಮೋಸ ಮಾಡಲಿಲ್ಲ ಅನ್ನಿ!

ಅವನು ಗೀಸರ್ ಬಿಚ್ಚಿ, ತಳದಲ್ಲಿ ಕೂತಿದ್ದ ಸುಣ್ಣದ ಕೆಸರನ್ನು ಬಕೆಟ್ಟಿಗೆ ಸುರಿದ. ಮಂಡಿನೋವಿಗೆ ಬಿಸಿನೀರು ಬೇಕೇ ಬೇಕಿದ್ದ ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತಿದ್ದರು.

"ಅದೇನಪ್ಪಾ, ಹುಳ ತಿಂದ ಹಾಗಿದೆ?"

"ತೊಟ್ಟಿ ಒಳಗಿರೋ ಕಂಬಿ ಅಜ್ಜಿ. ತೊಟ್ಟಿಗೆ ಹಿಡಿಯೋ ತುಕ್ಕನ್ನೆಲ್ಲ ತನ್ನ ಮೇಲೆ ಹಾಕ್ಕೊಂಡು ಸವೆಯುತ್ತೆ. ಆಗಾಗ ಬದಲಾಯಿಸ್ಬೇಕು."

"ಅಯ್ಯೋ ಪಾಪ," ಅಂದಳು ಅವಳು.

ಅವನು ತಿರುಗಿ ನೋಡಿ ನಕ್ಕ. "ಕಂಬಿಗೆ ಪಾಪ ಅಂದೋರನ್ನ ಇವತ್ತೇ ನೋಡಿದ್ದು ಮೇಡಂ!"

ಆ ನಗು... ಅಲ್ಲಿಗೆ ಅವಳ ಕಥೆ ಮುಗಿಯಿತು.

ಹೊರಡುವಾಗ ಅವನು ಎಲ್ಲವನ್ನೂ ಹೇಳಿಕೊಟ್ಟ. ಗುಳುಗುಳು ಸದ್ದು ಬಂದರೆ ಒಳಗೆ ಸುಣ್ಣ ಕಟ್ಟಿದೆ ಎಂದರ್ಥ. ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ ಆಫ್ ಆಗಿರಲೇಬೇಕು. ಮುಚ್ಚಳದ ಹಿಂದಿನ ಪುಟ್ಟ ಸ್ಕ್ರೂ ಬಿಸಿ ಎಷ್ಟಿರಬೇಕೆಂದು ತೀರ್ಮಾನಿಸುತ್ತದೆ, ಅದನ್ನು ಮಾತ್ರ ಯಾರೂ ಮುಟ್ಟಬಾರದು.

ಪಾಪ, ಅವನಿಗೇನು ಗೊತ್ತು! ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಸದಾ ಅವಳ ಕೈಚೀಲದಲ್ಲೇ ಇರುತ್ತಿತ್ತು.

ಕೆಲವು ವಾರ ಅವಳು ತಡೆದುಕೊಂಡಳು. ಅಂಗಡಿಗೆ ಬಂದವರ ಕನ್ನಡಕ ಸರಿಪಡಿಸುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಲ್ಲೂ ಅದೇ ದನಿ. ಕೊನೆಗೊಂದು ಮಧ್ಯಾಹ್ನ ಅವನೇ ಕಲಿಸಿದ ಹಾಗೆ ಮೇನ್ ಸ್ವಿಚ್ ಆಫ್ ಮಾಡಿ, ಮುಚ್ಚಳ ತೆಗೆದು, ಆ ಸ್ಕ್ರೂವನ್ನು ಒಂಚೂರು... ಒಂದೇ ಒಂಚೂರು ಹಿಂದಕ್ಕೆ ತಿರುಗಿಸಿದಳು.

"ಅತ್ತಿಗೆ, ನೀರು ಯಾಕೋ ಉಗುರು ಬೆಚ್ಚಗೆ ಬರ್ತಿದೆ. ಅವರನ್ನೇ ಕರೆಸೋಣ್ವಾ?"

ಅವನು ಬಂದ. ಸರಿಮಾಡಿದ. ಅಜ್ಜಿಯ ಹತ್ತಿರ ಹರಟಿದ, 'ಪುಟ್ಟೀ, ನೀರು ಕೊಡೇ' ಎಂದು ಅಜ್ಜಿ ಕೂಗಿದಾಗ ಅವಳು ಕೊಟ್ಟ ನೀರು ಕುಡಿದ, ಅವಳ ಅಂಗಡಿಯ ವಿಷಯ ಕೇಳಿದ. ಇನ್ನೇನು ಬೇಕು! ಮತ್ತೆ ನೀರು ತಣ್ಣಗಾಯಿತು. ಮತ್ತೆ ಅವನು ಬಂದ. ಅಜ್ಜಿ ಅವನಿಗೆ 'ಬಿಸಿನೀರಪ್ಪ' ಎಂದು ಹೆಸರೂ ಇಟ್ಟರು.

ಆದರೆ ಒಂದು ಭಾನುವಾರ ಅಣ್ಣ ಮನೆಯಲ್ಲಿದ್ದ.

"ಏನಪ್ಪಾ, ನೀನು ರಿಪೇರಿ ಮಾಡಿದಷ್ಟೂ ಇದು ಕೆಡುತ್ತಲ್ಲ! ಕೆಲಸ ಬರುತ್ತೋ ಇಲ್ವೋ?"

ಅವಳು ಒಳಗೊಳಗೇ ತನ್ನನ್ನು ಗದರಿಕೊಂಡಳು: 'ಹೇಳು... ನಾನೇ ಮಾಡಿದ್ದು ಅಂತ ಹೇಳೇ!' ಬಾಯಿ ಬರಲಿಲ್ಲ.

ಅವನು ಗೀಸರಿನ ಒಳಗೆ ಸುಮ್ಮನೆ ನೋಡುತ್ತಾ ನಿಂತ. ಆಮೇಲೆ ಅಣ್ಣನತ್ತ ನೋಡಿದ. ಸ್ಕ್ರೂ ಸರಿಮಾಡಿ ಮುಚ್ಚಳ ಹಾಕಿದ.

"ತಪ್ಪು ನಂದೇ ಸರ್. ಈ ಮನೆಗೆ ನನ್ನ ಕೈಗುಣ ಒಗ್ತಿಲ್ಲ. ಇನ್ಮೇಲೆ ನಮ್ಮ ಹಿರಿಯ ಮೆಕ್ಯಾನಿಕ್ಕನ್ನ ಕಳಿಸ್ತೀನಿ."

ಅವಳ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದ.

ಅಂದಿನಿಂದ ಗೀಸರ್ ಒಂದು ದಿನವೂ ಕೆಡಲಿಲ್ಲ. ಬೆಳಗಾದರೆ ಹಬೆಯಾಡುವ ನೀರು. ಅಜ್ಜಿಗೆ ಖುಷಿ, ಅಣ್ಣನಿಗೆ ನೆಮ್ಮದಿ. ಅವಳಿಗೆ ಮಾತ್ರ ಆ ಬಿಸಿನೀರು ಮೈಮೇಲೆ ಬಿದ್ದಾಗಲೆಲ್ಲ ಅಳು ಬರುತ್ತಿತ್ತು. 'ಎಷ್ಟು ಚೆನ್ನಾಗಿ ಮಾಡಿಟ್ಟು ಹೋಗಿದ್ದಾನೆ... ಅಂಥವನನ್ನು ನಾನೇ ಕೆಲಸ ಬಾರದವನನ್ನಾಗಿ ಮಾಡಿದೆನಲ್ಲ!' ಬೀದಿಯಲ್ಲಿ ಯಾರ ಹೆಗಲಲ್ಲಾದರೂ ಸಾಮಾನಿನ ಚೀಲ ಕಂಡರೆ ಸಾಕು, ಕಾಲು ನಿಂತುಬಿಡುತ್ತಿತ್ತು.

"ಪುಟ್ಟೀ, ಗೀಸರ್ ಸರಿ ಇದೆ. ನೀನ್ಯಾಕೆ ಕೆಟ್ಟು ಕೂತಿದ್ದೀಯ?" ಅತ್ತಿಗೆ ರೇಗಿಸುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಕೆಸರು ತೆಗೆಸುವ ಸಮಯ ಬಂದಾಗ ಅವನ ಬದಲು ಹಿರಿಯ ಮೆಕ್ಯಾನಿಕ್ ಬಂದರು. ಮುಚ್ಚಳ ತೆಗೆದೊಡನೆ ಆ ಸ್ಕ್ರೂ ಮೇಲಿಂದ ಪಕ್ಕದ ತಗಡಿನವರೆಗೆ ಎಳೆದ ತೆಳ್ಳನೆಯ ಕೆಂಪು ಗೆರೆ ಅವಳ ಕಣ್ಣಿಗೆ ಬಿತ್ತು. ಕದ್ದು ತಿರುಗಿಸುವ ಅವಸರದಲ್ಲಿ ಅದನ್ನವಳು ಗಮನಿಸಿರಲೇ ಇಲ್ಲ.

"ಇದೇನು, ಈ ಕೆಂಪು ಗೆರೆ?"

"ನಮ್ಮ ಹುಡುಗ ಕೊನೇ ಸಲದ ಹಿಂದಿನ ಸಲ ಬಂದಾಗ ಎಳೆದಿದ್ದಮ್ಮ. ಯಾರಾದ್ರೂ ತಿರುಗಿಸಿದ್ರೆ ಗೆರೆ ತಪ್ಪುತ್ತೆ. ಕೊನೇ ಸಲ ನೋಡಿದಾಗ ತಪ್ಪಿತ್ತಂತೆ." ಅವರು ದನಿ ತಗ್ಗಿಸಿದರು. "ತಾನು ಇಲ್ಲಿಗೆ ಬರೋದು ಮನೆಯವರಿಗೆ ಇಷ್ಟ ಇಲ್ಲ, ಅದಕ್ಕೇ ನಿಮ್ಮಣ್ಣ ಬೇಕಂತಲೇ ಕೆಡಿಸಿ ತನ್ನನ್ನ ಬಿಡಿಸೋಕೆ ನೋಡ್ತಿದ್ದಾರೆ ಅಂದ್ಕೊಂಡ. ಮನೆಮನೆ ರಿಪೇರಿ ಕೆಲಸಾನೇ ಬಿಟ್ಟು ಈಗ ದೊಡ್ಡಾಸ್ಪತ್ರೆ ಬಾಯ್ಲರ್ ನೋಡ್ಕೋತಿದ್ದಾನೆ."

ಅಯ್ಯೋ, ಅವಳು ಬಾ ಎಂದು ತಿರುಗಿಸಿದ್ದನ್ನು ಅವನು ಹೋಗು ಎಂದು ಓದಿಕೊಂಡಿದ್ದ!

ಅಜ್ಜಿಗೂ ಹೇಳದೆ ಕೈಚೀಲ ಎತ್ತಿಕೊಂಡು ಓಡಿದಳು.

ಆಸ್ಪತ್ರೆಯ ಹಿಂಬದಿಯ ಬಾಯ್ಲರ್ ಕೋಣೆಯಲ್ಲಿ ಪೈಪುಗಳು ಗುಂಯ್‌ಗುಡುತ್ತಿದ್ದವು. ಅವನು ಬಾಗಿಲಿಗೆ ಬೆನ್ನು ಹಾಕಿ ಪೈಪಿನ ವಾಲ್ವ್ ಬಿಗಿಯುತ್ತಿದ್ದ. ಸ್ವಲ್ಪ ಸೊರಗಿದ್ದ.

"ನಮ್ಮಣ್ಣ ಅಲ್ಲ!"

ಅವನು ಬೆಚ್ಚಿ ತಿರುಗಿದ.

"ಅಣ್ಣನಿಗೆ ಬಲ್ಬ್ ಬದಲಾಯಿಸೋಕೂ ಬರಲ್ಲ ಕಣ್ರೀ! ತಿರುಗಿಸಿದ್ದು ನಾನು... ಪ್ರತಿ ಸಲವೂ ನಾನೇ."

ಕೈಚೀಲದಿಂದ ಆ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅವನ ಅಂಗೈಗೆ ಹಾಕಿದಳು. ಅವನು ಅದನ್ನೂ ನೋಡಿದ, ಅವಳನ್ನೂ ನೋಡಿದ.

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀರಲ್ಲ! ಕೆಟ್ರೆ ತಾನೇ ನೀವು ಬರೋದು?" ತಡೆದಿದ್ದ ಕಣ್ಣೀರು ಇಳಿದೇಬಿಟ್ಟಿತು. "ಅಣ್ಣ ಬೈದಾಗ ನಾನು ಸುಮ್ಮನಿದ್ದೆ. ನೀವು ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೊಂಡು ಹೋದ್ರಿ, ಆ ಕಂಬಿ ಥರ. ಕ್ಷಮಿಸ್ತೀರಾ?"

ಅವನು ಆ ಸ್ಕ್ರೂಡ್ರೈವರನ್ನು ಬೆರಳುಗಳ ನಡುವೆ ಹೊರಳಿಸಿದ. ಆಮೇಲೆ ಮೆಲ್ಲಗೆ ಅಂದ: "ಗೆರೆ ತಪ್ಪಿದ್ದು ನೋಡಿ ಎಷ್ಟು ನೊಂದೆ ಗೊತ್ತಾ? ಕೆಲಸ ಹೋಯ್ತು ಅಂತಲ್ಲ... ಇನ್ನು ನಿಮ್ಮನ್ನ ನೋಡೋ ಹಾಗಿಲ್ವಲ್ಲ ಅಂತ."

ಅವಳ ಅಳು ಅಲ್ಲೇ ನಿಂತಿತು.

"ಈಗ ನೀರು ಹೇಗೆ ಬರ್ತಿದೆ?" ಅವನೇ ಕೇಳಿದ.

"ಕುದಿಯೋ ಹಾಗೆ. ಯಾರೂ ಮುಟ್ಟಿಲ್ಲ."

"ಹಾಗಾದ್ರೆ ನಾನು ಬರೋಕೆ ಕಾರಣಾನೇ ಇಲ್ಲ."

"ಇಲ್ಲ..." ಅವಳು ಮೂಗೊರೆಸಿಕೊಂಡು ತಲೆಯೆತ್ತಿದಳು. "ಕಾರಣ ಇಲ್ದೇನೇ ಬನ್ನಿ."

ಪಾಳಿ ಮುಗಿದು ಬದಲಿಯವನು ಬಂದ. ಇವನು ಸಾಮಾನಿನ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿ ಅವಳ ಜೊತೆ ಹೊರನಡೆದ.

"ಚೀಲ ಮರೆತ್ರಿ."

"ಇಲ್ಲ ಪುಟ್ಟಿ. ಇವತ್ತು ಅದು ಬೇಡ."